ಕೈಗೆ ಕೊಡಿ

ಅಕ್ಕಯ್ಯಮ್ಮನ ಎರಡು ಕೆನ್ನೆಗಳಲ್ಲೂ ಒಂದೊಂದು ಕುಳಿ ಇತ್ತು. ನಕ್ಕಾಗ ಮೂಡುವ ಕುಳಿಯಲ್ಲ. ನಗದಿದ್ದರೂ ಇರುವ ಕುಳಿ. ಗಟ್ಟಿ ಪದಾರ್ಥ ಜಗಿದರೆ ಆ ಜಾಗ ಈಗಲೂ ನೋಯುತ್ತಿತ್ತು. ಹುರಿಗಾಳು ಸಿಕ್ಕಿದರೆ ಬಾಯಲ್ಲಿ ನೆನೆಹಾಕಿಕೊಂಡು, ಮೆತ್ತಗಾದ ಮೇಲೆ ನುಂಗುತ್ತಿದ್ದಳು.

ಅವು ಊರ ಗೌಡ ಬ್ಯಾಟರಾಯಪ್ಪನ ಮನೆಯ ಹರಕೆಯ ಗುರುತುಗಳು.

ಬೆಂಗಳೂರಿನ ಹೊರಗಿನ ಸಿಂಗಾಪುರದಿಂದ ಆಚೆ, ಕೆರೆಯ ಹಿಂದೆ ಹಟ್ಟಿ. ಕೆರೆಯ ಮುಂದೆ ಊರು. ಊರಿಗೂ ಹಟ್ಟಿಗೂ ನಡುವೆ ಬ್ಯಾಟರಾಯಪ್ಪನ ದ್ರಾಕ್ಷಿ ತೋಟ. ತೋಟದ ಅಂಚಿಗೆ ಮುತ್ಯಾಲಮ್ಮನ ಗುಡಿ. ಆ ಅಮ್ಮನಿಗೆ ಬಾಯಿಬೀಗದ ಹರಕೆ ಎಂದರೆ ಇಷ್ಟ ಎಂದು ಊರಿನವರು ಹೇಳುತ್ತಿದ್ದರು. ಬೆಳ್ಳಿಯ ಸರಳು. ಒಂದು ಕೆನ್ನೆಯಲ್ಲಿ ತೂರಿ, ನಾಲಗೆಯ ಮೇಲೆ ಹಾಯ್ದು, ಇನ್ನೊಂದು ಕೆನ್ನೆಯಲ್ಲಿ ಹೊರಗೆ ಬರಬೇಕು. ಬಾಯಿ ಮುಚ್ಚುವ ಹಾಗಿಲ್ಲ, ತೆರೆಯುವ ಹಾಗಿಲ್ಲ. ಮಾತಂತೂ ಇಲ್ಲ. ಹಾಗೇ ಗುಡಿಯನ್ನು ಸುತ್ತಿ ಬಂದು ನಿಂತರೆ ಪೂಜಾರಿ ಸರಳು ಎಳೆದು, ಗಾಯಕ್ಕೆ ಅರಿಸಿನ ತುಂಬುತ್ತಾನೆ.

ಹರಕೆ ಕಟ್ಟಿಕೊಂಡವರೇ ಬೀಗ ಹಾಕಿಸಿಕೊಳ್ಳಬೇಕು. ಬೇರೆ ಊರುಗಳಲ್ಲಿ ಹಾಗೇ. ಬ್ಯಾಟರಾಯಪ್ಪನ ಮನೆಯಲ್ಲಿ ಹಾಗಲ್ಲ. ಗೌಡತಿಯ ಮುಖಕ್ಕೆ ಗಾಯ ಆಗಬಾರದು. ಅದಕ್ಕೇ ಹಿಂದಿನ ಕಾಲದಲ್ಲೇ ಒಂದು ದಾರಿ ಮಾಡಿಕೊಂಡಿದ್ದರು. ಹರಕೆ ಕಟ್ಟಿಕೊಂಡವಳು ಸರಳನ್ನು ಹಟ್ಟಿಯ ಹೆಣ್ಣಿನ ಸೆರಗಿಗೆ ಮೇಲಿನಿಂದ ಹಾಕಬೇಕು. ಸೆರಗಿಗೆ ಬಿದ್ದ ಕೂಡಲೇ ಹರಕೆ ಕೈ ಬದಲಾಯಿಸಿತು ಎಂದು ಲೆಕ್ಕ. ಫಲ ಮಾತ್ರ ಕೈ ಬದಲಾಯಿಸುವುದಿಲ್ಲ. ಗೌಡರಿಗೆ ಗಂಡು ಮಗು ಹುಟ್ಟಿದಾಗ ಅಕ್ಕಯ್ಯಮ್ಮನ ಕೆನ್ನೆ. ಕೋರ್ಟಿನಲ್ಲಿ ಜಮೀನು ಗೆದ್ದಾಗ ಅಕ್ಕಯ್ಯಮ್ಮನ ಕೆನ್ನೆ. ಬೋರ್‌ವೆಲ್ಲಿನಲ್ಲಿ ನೀರು ಬಂದಾಗಲೂ ಅದೇ ಕೆನ್ನೆ. ಗುಡಿಗೆ ಅವಳ ಕೆನ್ನೆ ಬೇಕು. ಅವಳ ಕಾಲು ಗುಡಿಯ ಒಳಕ್ಕೆ ಬೇಡ.

ಜೀತ ಬಿಡಿಸಿದ್ದೇವೆ ಎಂದು ಎಮರ್ಜೆನ್ಸಿ ಕಾಲದಲ್ಲಿ ಸರ್ಕಾರದವರು ಬಂದು ಹೇಳಿ ಹೋಗಿದ್ದರು. ಜೀತ ಹೋಗಿ ಕೂಲಿ ಎಂದಾಯಿತು. ಬೆನ್ನು ಅದೇ, ಪಂಪು ಅದೇ.

ಪಂಪು ಹೊರುವುದು ಮಗಳು ಪಿಳ್ಳಮ್ಮನ ಕೆಲಸ. ದ್ರಾಕ್ಷಿ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯಬೇಕು. ತುಂಬಿದ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು, ಚಪ್ಪರದ ಕೆಳಗೆ ಕತ್ತು ಬಗ್ಗಿಸಿ ನಡೆಯಬೇಕು. ಪಂಪಿನ ಬುಡ ಸೋರುತ್ತಿತ್ತು. ಸೋರಿದ ಔಷಧಿ ಬೆನ್ನಿನ ಮೇಲೆ ಇಳಿದು, ಸೊಂಟದ ಹತ್ತಿರ ಚರ್ಮ ಸುಲಿದಿತ್ತು. ಎಲೆಯಿಂದ ತೊಟ್ಟಿಕ್ಕಿದ್ದು ಕಣ್ಣಿಗೆ ಬೀಳುತ್ತಿತ್ತು. ಅವಳ ಅಪ್ಪ ಇದೇ ಕೆಲಸ ಮಾಡಿ, ಕೆಮ್ಮಿ ಕೆಮ್ಮಿ ಸತ್ತಿದ್ದ. ಮೈಲುತುತ್ತ ಹತ್ತಿ ಅವನ ಉಗುರುಗಳು ಕೊನೆಯವರೆಗೂ ನೀಲಿಯಾಗಿದ್ದವು. ಅಕ್ಕಯ್ಯಮ್ಮನವೂ ನೀಲಿ. ಪಿಳ್ಳಮ್ಮನವೂ ನೀಲಿ. ಹುಣಸೆಹಣ್ಣು ಹಾಕಿ ಉಜ್ಜಿದರೆ ಒಂದು ದಿನ ಮಾಸುತ್ತಿತ್ತು, ಮಾರನೆಯ ದಿನ ಮತ್ತೆ ಹತ್ತುತ್ತಿತ್ತು.

ಹಣ್ಣಿನ ಕಾಲದಲ್ಲಿ ಗೊಂಚಲುಗಳು ಲಾರಿಗೆ. ಉದುರು ಹಣ್ಣು ಪಿಳ್ಳಮ್ಮನ ಬುಟ್ಟಿಗೆ. ಅದನ್ನು ಹೊತ್ತುಕೊಂಡು ಅವಳು ಮತ್ತಿಕೆರೆಯವರೆಗೆ ನಡೆದು, ಬೀದಿಬೀದಿ ಕೂಗಿ ಮಾರಿ ಬರುತ್ತಿದ್ದಳು. ಶರಣವ್ವನನ್ನು ಅವಳು ಮೊದಲು ನೋಡಿದ್ದು ಅಲ್ಲಿ, ಒಂದು ಕಿಟಕಿಯ ಸರಳಿನ ಆಚೆ.

ಬಿಜಾಪುರದ ಕಡೆಯವಳು. ಗಂಡ ಶಿವಪ್ಪ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಬಾಡಿಗೆ ಮನೆ. ಶರಣವ್ವ ನೆಲದ ಮೇಲೆ ಕೂತು, ಎಡಗೈ ಚಾಚಿ, ಅಂಗೈಯಲ್ಲಿ ಕಪ್ಪಗಿನ ಏನನ್ನೋ ಇಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ಹಣ್ಣ್ ಬೇಕೇನಕ್ಕಾ?"

ಶರಣವ್ವ ಕಣ್ಣು ಎತ್ತಲಿಲ್ಲ. ಪಿಳ್ಳಮ್ಮ ಮುಂದಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸಲಿಲ್ಲ. ಅಷ್ಟು ಹೊತ್ತು ಯಾರೂ ಯಾವುದನ್ನೂ ಹಾಗೆ ನೋಡಿದ್ದನ್ನು ಅವಳು ಕಂಡಿರಲಿಲ್ಲ.

ಶರಣವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಎದ್ದು ಬಾಗಿಲಿಗೆ ಬಂದಳು. "ಎಷ್ಟೊತ್ತಾತು ನಿಂತು? ಬುಟ್ಟಿ ಇಳಿಸಬಾರದೇನವಾ?"

"ಅದೇನಕ್ಕಾ ಕೈಯಲ್ಲಿ?"

"ನನ್ನ ದೇವರು."

"ಅಷ್ಟ್ ಸಣ್ಣದಾ?"

"ಅಂಗೈಯಾಗ ಹಿಡಿಯೂವಷ್ಟು. ಇನ್ನೆಷ್ಟು ಬೇಕು?"

"ಏನ್ ಕೇಳ್ತದೆ?"

"ಏನೂ ಕೇಳಂಗಿಲ್ಲ."

"ಕೋಳಿ ಗೀಳಿ?"

"ಹುಚ್ಚಿ!" ಶರಣವ್ವ ನಕ್ಕುಬಿಟ್ಟಳು. "ಕೋಳಿನೂ ಬ್ಯಾಡ, ಪೂಜಾರಿನೂ ಬ್ಯಾಡ. ನನಗೂ ಅದಕ್ಕೂ ನಡುವ ಯಾರದೇನ ಕೆಲಸ? ನಮ್ಮಲ್ಲಿ ಮ್ಯಾಲ ಕೆಳಗ ಅನ್ನೂದಿಲ್ಲ, ಜಾತಿ ಕೇಳಂಗಿಲ್ಲ. ಲಿಂಗ ಕಟ್ಟಿಕೊಂಡವರೆಲ್ಲಾ ಒಂದ. ಬಿಸಲಾಗ ಬಂದೀದಿ, ನೀರು ಕುಡಿ."

ಸ್ಟೀಲಿನ ಲೋಟ. ಶರಣವ್ವ ಅದನ್ನು ಕಟ್ಟೆಯ ಮೇಲೆ ಇಡಲಿಲ್ಲ. ಮೇಲಿನಿಂದ ಸುರಿಯಲಿಲ್ಲ. ಕೈಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಹೊಡೆಯುವುದಕ್ಕಲ್ಲದೆ ಹಟ್ಟಿಯ ಹೊರಗಿನ ಕೈಯೊಂದು ಪಿಳ್ಳಮ್ಮನನ್ನು ತಾಗಿದ್ದು ಅದೇ ಮೊದಲು. ಅವಳು ನೀರು ಕುಡಿದು, ಲೋಟ ತೊಳೆದಿಡಲು ನೋಡಿದಳು. "ಇರಲಿ ಬಿಡವಾ" ಎಂದಳು ಶರಣವ್ವ.

ಆಮೇಲೆ ಬುಟ್ಟಿ ಇರಲಿ ಇಲ್ಲದಿರಲಿ, ಪಿಳ್ಳಮ್ಮ ಸಿಕ್ಕ ನೆಪಕ್ಕೆಲ್ಲ ಮತ್ತಿಕೆರೆಗೆ ಹೋದಳು. ಶರಣವ್ವ ಜಾತಿ ಕೇಳಲಿಲ್ಲ. ತೋಟದ ಹಣ್ಣು ತರುವವಳು, ತೋಟದವರ ಪೈಕಿಯೇ ಎಂದುಕೊಂಡಿದ್ದಳು. ಪಿಳ್ಳಮ್ಮ ಹೇಳಲಿಲ್ಲ. ಕೇಳುವುದಿಲ್ಲ ಎಂದ ಮೇಲೆ ಹೇಳುವುದೇಕೆ ಎಂದುಕೊಂಡಿದ್ದಳು.

"ನಂಗೂ ಒಂದು ಕೊಡಿಸ್ತೀಯಾ ಅಕ್ಕಾ?"

"ಮಠದಾಗ ಗುರುಗಳು ಕೊಡಬೇಕು. ಅದಕ್ಕ ಮೊದಲು ಕುಂದ್ರೂದು ಕಲಿ. ಲಿಂಗ ಸಿಗೂತನಕ ಖಾಲಿ ಅಂಗೈ ನೋಡು. ಎಡಗೈ. ಬೊಗಸಿ ಮಾಡಬ್ಯಾಡ. ನೆಟ್ಟಗ ಹಿಡಿ."

ಪಿಳ್ಳಮ್ಮ ಕಲಿತಳು. ತೋಟದಲ್ಲಿ ಮಧ್ಯಾಹ್ನ ಪಂಪು ಇಳಿಸಿದ ಮೇಲೆ, ಚಪ್ಪರದ ಕಲ್ಲುಕಂಬಕ್ಕೆ ಒರಗಿ, ಎಡಗೈ ಚಾಚಿ ಕೂರುತ್ತಿದ್ದಳು. ಬೆರಳಸಂದಿಯಲ್ಲಿ ನೀಲಿ. ರೇಖೆಗಳಲ್ಲಿ ನೀಲಿ. ನೋಡುತ್ತ ನೋಡುತ್ತ ಸೊಂಟದ ಉರಿ ದೂರ ಹೋಗುತ್ತಿತ್ತು. ಮುತ್ಯಾಲಮ್ಮನ ಗುಡಿಯ ಮುಂದೆ ಅವಳಿಗೆ ಯಾವತ್ತೂ ಹೆದರಿಕೆ ಬಿಟ್ಟು ಬೇರೇನೂ ಆಗಿರಲಿಲ್ಲ. ಇಲ್ಲಿ ಹೆದರಿಕೆ ಇರಲಿಲ್ಲ. ಇದೇ ನನ್ನದು ಎಂದುಕೊಂಡಳು.

ಅವಳ ಸೋದರಮಾವ ಮುನಿಯಲ್ಲಪ್ಪ ತೋಟದ ಆಳುಗಳ ಮೇಸ್ತ್ರಿ. ಅವನು ನೋಡಿ ನಗುತ್ತಿದ್ದ. "ಏನಮ್ಮಣ್ಣಿ, ಕೈ ನೋಡ್ಕಂಡ್ ಕುಂತಿದೀಯ? ರಾಣಿ ಆಗಂಗೆ ಬರ್ದೈತಾ? ಏಳು ಏಳು, ಇನ್ನ ನಾಕು ಸಾಲವೆ."

ಆ ವರ್ಷ ಬಳ್ಳಿಗೆ ರೋಗ ಬಿತ್ತು. ಅಕ್ಕಪಕ್ಕದ ತೋಟಗಳೆಲ್ಲ ಸುಟ್ಟ ಹಾಗಾದವು. ಪಿಳ್ಳಮ್ಮನ ಬೆನ್ನ ಮೇಲೆ ಪಂಪು ಏರಿ ಇಳಿದು, ಏರಿ ಇಳಿದು, ಬ್ಯಾಟರಾಯಪ್ಪನ ತೋಟ ಉಳಿಯಿತು. ಮುತ್ಯಾಲಮ್ಮ ಉಳಿಸಿದಳು ಎಂದರು. ಗೌಡತಿ ಹರಕೆ ಕಟ್ಟಿಕೊಂಡಿದ್ದಳಂತೆ.

ಗೌಡತಿ ಹಿತ್ತಲ ಬಾಗಿಲಲ್ಲಿ ನಿಂತು ಅಕ್ಕಯ್ಯಮ್ಮನನ್ನು ಕರೆಸಿದಳು. ಪಿಳ್ಳಮ್ಮ ಹಿಂದೆ ನಿಂತಿದ್ದಳು.

"ಈ ಸಲ ನೀನ್ ಬ್ಯಾಡ ಕಣೇ. ಮದ್ವೆಯಾಗದ ಎಣ್ಣೇ ಆಗ್ಬೇಕು ಅಂತ ಅಮ್ಮ ಕೇಳವಳೆ. ಪೂಜಾರಿ ಶ್ರೀರಾಮಪ್ಪನ ಬಾಯಲ್ಲಿ ಬಂತು. ನಿನ್ ಮಗಳನ್ನ ಇನ್ನೂ ಮದ್ವೆ ಮಾಡ್ದೆ ಇಟ್ಕಂಡಿದ್ದು ಒಳ್ಳೇದೇ ಆಯ್ತು ಬಿಡು. ಬರೋ ಶುಕ್ರವಾರ."

ಅಕ್ಕಯ್ಯಮ್ಮ ಸೆರಗು ಒಡ್ಡಿದಳು. ಗೌಡತಿ ಮೇಲಿನಿಂದ ಎಲೆ ಅಡಿಕೆ ಹಾಕಿದಳು. ಮಾತು ಮುಗಿಯಿತು. ಪಿಳ್ಳಮ್ಮನನ್ನು ಯಾರೂ ಏನೂ ಕೇಳಲಿಲ್ಲ.

ಮಾರನೆಯ ದಿನವೇ ಪಿಳ್ಳಮ್ಮ ಮತ್ತಿಕೆರೆಗೆ ಓಡಿದಳು. "ಅಕ್ಕಾ, ಲಿಂಗ ಕಟ್ಕಂಡೋರ್ ಬಾಯಿಗೆ ಸರಳು ಆಕ್ಬೋದಾ?"

"ಅಯ್ಯ ಶಿವನ! ಯಾರು ಹಾಕತಾರ? ಲಿಂಗ ಕಟ್ಟಿದ ಮ್ಯಾಲ ಬ್ಯಾರೆ ದೇವರ ಹೆಸರು ಎತ್ತಬಾರದು. ಬರೂ ಸೋಮವಾರ ಮಠದಾಗ ದೀಕ್ಷಾ ಐತಿ. ನಾ ಕರಕೊಂಡು ಹೋಗತೀನಿ, ಅಂಜಬ್ಯಾಡ."

ಸೋಮವಾರ ಬರುವುದು ಶುಕ್ರವಾರಕ್ಕೆ ಮುಂಚೆ. ಪಿಳ್ಳಮ್ಮ ಹುಣಸೆಹಣ್ಣಿನಲ್ಲಿ ಕೈಗಳನ್ನು ಚರ್ಮ ಕೆಂಪಾಗುವವರೆಗೆ ಉಜ್ಜಿದಳು.

ಮಠ ದಾಸರಹಳ್ಳಿಯ ಆಚೆ ಇತ್ತು. ಸಗಣಿ ಸಾರಿಸಿದ ಹಜಾರ. ಹೆಂಗಸರ ಸಾಲು. ಶರಣವ್ವ ಅವಳ ಪಕ್ಕದಲ್ಲೇ ಕೂತು, ಸೆರಗು ಸರಿಮಾಡಿ, ಹಣೆಗೆ ವಿಭೂತಿ ಹಚ್ಚಿದಳು. ಪಿಳ್ಳಮ್ಮ ಎಡಗೈ ಚಾಚಿದಳು. ಬೊಗಸೆ ಮಾಡಲಿಲ್ಲ. ನೆಟ್ಟಗೆ ಹಿಡಿದಳು. ಸ್ವಾಮಿಗಳು ಒಬ್ಬೊಬ್ಬರಿಗೇ ಲಿಂಗ ಕೊಡುತ್ತ ಬಂದರು. ಕಾವಿ ಬಟ್ಟೆ ಹತ್ತಿರ ಬಂತು. ಪಾದ ಕಂಡಿತು. ನೆರಳು ಅವಳ ಮೇಲೆ ಬಿತ್ತು.

ಅಷ್ಟೇ. ಪಿಳ್ಳಮ್ಮ ಕೂತಲ್ಲಿಂದ ಹಿಂದಕ್ಕೆ ಸರಿದಳು. ಒಂದು ಮಾರು ದೂರ. ತಲೆ ತಗ್ಗಿತು. ಎರಡೂ ಕೈ ಸೆರಗು ಹಿಡಿದು ಅಗಲಿಸಿ ಒಡ್ಡಿದವು.

ಕೈ ಕಲಿತಿತ್ತು. ಮೈ ಕಲಿತಿರಲಿಲ್ಲ. ಹುಟ್ಟಿದಾಗಿನಿಂದ ದೊಡ್ಡವರು ಹತ್ತಿರ ಬಂದಾಗ ಮೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು.

ಸ್ವಾಮಿಗಳ ಕೈ ಗಾಳಿಯಲ್ಲೇ ನಿಂತಿತು. ಹಜಾರದಲ್ಲಿ ಎಲ್ಲರೂ ಆ ಸೆರಗನ್ನು ನೋಡಿದರು. ಹಾಗೆ ಯಾರು ಒಡ್ಡುತ್ತಾರೆ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವರವರ ಊರಿನಲ್ಲಿ, ಅವರವರ ಹಿತ್ತಿಲಲ್ಲಿ ನೋಡಿದ್ದರು.

ಮಠದ ಮರಿಸ್ವಾಮಿ ಕೇಳಿದ. "ಯಾವೂರಮ್ಮಾ?"

"ಸಿಂಗಾಪುರದ ಕಡೆ."

"ಊರಲ್ಲಿ ಮನೆ ಎಲ್ಲಿ?"

"ಕೆರೆ ಹಿಂದೆ."

ಮುಂದೆ ಕೇಳಬೇಕಾದ್ದು ಇರಲಿಲ್ಲ. ಸ್ವಾಮಿಗಳು ಬಯ್ಯಲಿಲ್ಲ. ಮೆತ್ತಗಿನ ದನಿ. "ಅವಸರ ಬೇಡ ತಾಯಿ. ಭಕ್ತಿ ಇಟ್ಟುಕೋ. ಕಾಲ ಕೂಡಿ ಬರಬೇಕು. ಹೊರಗೆ ಪ್ರಸಾದ ಕೊಡ್ತಾರೆ, ಉಂಡು ಹೋಗು." ಲಿಂಗ ಮುಂದಿನವಳ ಕೈಗೆ ಹೋಯಿತು.

ಪಿಳ್ಳಮ್ಮ ಶರಣವ್ವನ ಮುಖ ನೋಡಿದಳು. ಶರಣವ್ವ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದಳು. ವಿಭೂತಿ ಹಚ್ಚಿದ ಬೆರಳುಗಳು. ಅವನ್ನು ಸೀರೆಗೆ ಒರೆಸಿಕೊಂಡಳು. ಪಿಳ್ಳಮ್ಮ ಹೊಸ್ತಿಲು ದಾಟುವ ಮುಂಚೆಯೇ ಅವಳು ಕೂತಿದ್ದ ಜಾಗಕ್ಕೆ ಗಂಜಲ ಬಿತ್ತು. ಪ್ರಸಾದದ ಎಲೆಯನ್ನು ಹೊರಗೆ, ಚಪ್ಪಲಿಗಳ ಆಚೆ ಹಾಕಿದ್ದರು.

ಅವಳು ಉಣ್ಣಲಿಲ್ಲ.

ಆದರೂ ಬುಧವಾರ ಮತ್ತಿಕೆರೆಗೆ ಹೋದಳು. ಕಿಟಕಿ ಮುಚ್ಚಿತ್ತು. ಕದ ತಟ್ಟಿದಳು. ಶರಣವ್ವ ಕದವನ್ನು ಒಂದು ಗೇಣು ತೆರೆದಳು.

"ಯಾಕ ಹೇಳಲಿಲ್ಲ ನೀ?"

"ನೀವು ಕೇಳಲ್ಲ ಅಂದ್ರಲ್ಲಕ್ಕಾ."

"ಕೇಳಂಗಿಲ್ಲ ಅಂದ್ರ ಹೇಳಬಾರದಂತ ಅರ್ಥೇನು? ಬಾಡಿಗಿ ಮನಿ ನಮ್ಮದು. ಮಾಲಕರಿಗೆ ಗೊತ್ತಾದ್ರ ನಾಳೆ ಸಾಮಾನು ಹೊರಗ ಒಗೀತಾರ. ನಮ್ಮ ಮನಿಯವರು ನನಗ ಏನೆಲ್ಲಾ ಅಂದ್ರು ಗೊತ್ತೈತೇನು? ಹೋಗವಾ, ನಿನಗ ಕೈ ಮುಗೀತೀನಿ."

ಕದ ಮುಚ್ಚಿತು. ಮತ್ತೆ ತೆರೆಯಿತು. ಸ್ಟೀಲಿನ ಲೋಟ ಹೊರಗೆ ಬಂದು ಮೆಟ್ಟಿಲ ಮೇಲೆ ಉರುಳಿತು. "ಇದನ್ನೂ ತಗೊಂಡು ಹೋಗು. ನೀ ಕುಡದದ್ದು."

ಪಿಳ್ಳಮ್ಮ ಲೋಟ ಎತ್ತಿಕೊಂಡಳು. ಸೆರಗಿನಲ್ಲಿ ಕಟ್ಟಿಕೊಳ್ಳಲಿಲ್ಲ. ಮತ್ತಿಕೆರೆಯಿಂದ ಹಟ್ಟಿಯವರೆಗೂ ಕೈಯಲ್ಲೇ ಹಿಡಿದುಕೊಂಡು ನಡೆದಳು. ಇನ್ನು ಮೇಲೆ ಯಾರ ಮುಂದೆಯೂ ಸೆರಗು ಒಡ್ಡುವುದಿಲ್ಲ ಎಂದು ದಾರಿಯಲ್ಲಿ ಗಟ್ಟಿಯಾಗಿ ಹೇಳಿಕೊಂಡಳು. ದೇವರೇ ಆದರೂ.

ಶುಕ್ರವಾರ ಬೆಳಗ್ಗೆ ಅವಳಿಗೆ ಅರಿಸಿನದ ನೀರು ಹುಯ್ದರು. ಹಳದಿ ಸೀರೆ ಉಡಿಸಿದರು. ಅಕ್ಕಯ್ಯಮ್ಮ ಮಗಳ ಕೆನ್ನೆ ಸವರಿದಳು. "ಒಂದು ಗಳಿಗೆ ಕಣಮ್ಮ. ಕಣ್ಣ್ ಮುಚ್ಕ. ನಾಲ್ಗೇನ ಕೆಳಕ್ಕೆ ಒತ್ತಿ ಇಡ್ಕ, ಆಗ ತಾಗಾಕಿಲ್ಲ. ನಂಗೆ ಮೊದಲನೇ ಸಲ ಯಾರೂ ಯೋಳ್ಕೊಡ್ಲಿಲ್ಲ." ಪಿಳ್ಳಮ್ಮ ಮಾತಾಡಲಿಲ್ಲ. ಒಪ್ಪಿದಳು ಎಂದು ಅವ್ವ ತಿಳಿದಳು.

ಗುಡಿಯ ಮುಂದೆ ಊರು ಸೇರಿತ್ತು. ಹಟ್ಟಿಯವರು ತಮಟೆ ಹಿಡಿದು ಆಚೆ ನಿಂತಿದ್ದರು. ಗೌಡತಿ ರೇಷ್ಮೆ ಸೀರೆ ಉಟ್ಟು, ತಟ್ಟೆಯಿಂದ ಬೆಳ್ಳಿಯ ಸರಳು ಎತ್ತಿಕೊಂಡಳು. ಕೈಯನ್ನು ಎದೆಯ ಎತ್ತರಕ್ಕೆ ತಂದಳು.

"ಸೆರಗು ಇಡಿಯೇ."

ಪಿಳ್ಳಮ್ಮ ಎಡಗೈ ಚಾಚಿದಳು. ಬೊಗಸೆ ಮಾಡಲಿಲ್ಲ. ನೆಟ್ಟಗೆ ಹಿಡಿದಳು. ಅಂಗೈ ಗೌಡತಿಯ ಕಣ್ಣಿಗೆ ಕಾಣುತ್ತಿತ್ತು.

"ಸೆರಗು ಅಂದೆ."

"ಕೈಗೆ ಕೊಡಿ."

ತಮಟೆ ನಿಂತಿತು.

"ಏನಂದೆ?"

"ನಿಮ್ಮ ಅರಕೆ ನನ್ನ ಕೆನ್ನೆ ಒಳಕ್ಕೆ ಓಗ್ಬೋದು. ನನ್ ಕೈ ಮುಟ್ಟಕ್ಕಾಗಲ್ವಾ? ಕೈಗೆ ಕೊಡಿ. ಇಲ್ಲದಿದ್ರೆ ನಿಮ್ಮ ಕೆನ್ನೆಗೇ ಆಕ್ಕಳಿ."

ಗೌಡತಿ ಬೆವರಿದಳು. ಸುತ್ತ ನೋಡಿದಳು. ಕೊನೆಗೆ ಸರಳನ್ನು ಆ ಅಂಗೈಯ ಮೇಲೆ ಎತ್ತರದಿಂದಲೇ ಬಿಟ್ಟಳು. ಪಿಳ್ಳಮ್ಮ ಬೆರಳು ಮಡಚಲಿಲ್ಲ. ಸರಳು ಅಂಗೈ ಅಂಚಿಗೆ ಬಡಿದು, ಜಾರಿ ಮಣ್ಣಿಗೆ ಬಿತ್ತು.

ಮೊದಲ ಏಟು ಹಿಂದಿನಿಂದ ಬಿತ್ತು. ಎರಡನೆಯದು ಬಾಯಿಗೆ. ಯಾರೋ ಜುಟ್ಟು ಹಿಡಿದು ಎಳೆದರು. ಅವಳ ತೋಳುಗಳನ್ನು ಹಿಂದಕ್ಕೆ ತಿರುಚಿ ಹಿಡಿದವನು ಮುನಿಯಲ್ಲಪ್ಪ, ಅವಳ ಸ್ವಂತ ಮಾವ. ಅವನು ಅವಳ ಕಿವಿಯಲ್ಲಿ ಅಳುತ್ತಿದ್ದ. "ಸುಮ್ಕಿರೇ, ತಾಯಿ, ಸುಮ್ಕಿರೇ. ನಾಳೆ ನೀರು ನಿಲ್ಲಿಸ್ತಾರೆ, ಕೂಲಿ ನಿಲ್ಲಿಸ್ತಾರೆ. ಇಡೀ ಅಟ್ಟಿ ಸಾಯ್ತದೆ. ನೀನೊಬ್ಳು ಬಾಯಿ ಬಿಡು, ಸಾಕು."

ಅವಳು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಿದ್ದಳು. ತುಟಿ ಒಡೆದು ರಕ್ತ ಬರುತ್ತಿತ್ತು. ಶ್ರೀರಾಮಪ್ಪ ಅವಳ ದವಡೆ ಹಿಡಿದು ಅದುಮಿದ. ಬಾಯಿ ಬಿಚ್ಚಲಿಲ್ಲ.

ಆಗ ಅಕ್ಕಯ್ಯಮ್ಮ ಓಡಿ ಬಂದಳು. ಮಣ್ಣಿನಲ್ಲಿ ಬಿದ್ದಿದ್ದ ಸರಳನ್ನು ಸೆರಗಿನಿಂದ ಬಳಿದು ಎತ್ತಿಕೊಂಡು, ಪೂಜಾರಿಯ ಮುಂದೆ ಮಂಡಿಯೂರಿದಳು.

"ನಂಗೆ ಆಕಿ ಬುದ್ಧಿ. ನಂಗೆ ಆಗ್ಲೇ ತೂತವೆ. ಸುಲಭ ಆಯ್ತದೆ. ಅದು ಮಗು, ಅದಕ್ಕೆ ತಿಳೀದು."

ಶ್ರೀರಾಮಪ್ಪ ಅನುಮಾನಿಸಿದ. "ಮದ್ವೆಯಾಗದ ಎಣ್ಣೇ ಆಗ್ಬೇಕು ಅಂತ ಅಮ್ಮ..."

ಗೌಡತಿಯ ಪಕ್ಕದಲ್ಲಿದ್ದ ಬ್ಯಾಟರಾಯಪ್ಪ ತಲೆ ಎತ್ತಿ ಆಕಾಶ ನೋಡಿದ. "ಬಿಸಿಲು ಏರ್ತಾ ಐತೆ. ಯಾವ್ದೋ ಒಂದು ಕೆನ್ನೆ. ಚುಚ್ಚಯ್ಯಾ ಅತ್ಲಾಗೆ" ಎಂದ.

ಹಳೆಯ ತೂತುಗಳು ಕೂಡಿಕೊಂಡಿದ್ದವು. ಮೇಲೆ ಕುಳಿ, ಒಳಗೆ ಗಂಟುಗಟ್ಟಿದ ಮಾಂಸ. ಸರಳು ಇಳಿಯಲಿಲ್ಲ. ಶ್ರೀರಾಮಪ್ಪ ತಿರುಗಿಸಿ ಒತ್ತಿದ. ಅದರ ಮೇಲಿನ ಮಣ್ಣನ್ನು ಯಾರೂ ತೊಳೆದಿರಲಿಲ್ಲ. ಅಕ್ಕಯ್ಯಮ್ಮನ ಕಾಲ ಬೆರಳುಗಳು ನೆಲ ಕೆರೆದವು. ಪಿಳ್ಳಮ್ಮ ಕೂಗಿದಳು. ತಮಟೆ ಮತ್ತೆ ಶುರುವಾಗಿತ್ತು. ಅವಳ ಕೂಗು ಯಾರಿಗೂ ಕೇಳಿಸಲಿಲ್ಲ.

ಬೀಗ ಹಾಕಿಸಿಕೊಂಡ ಬಾಯಿಂದ ರಕ್ತ, ಜೊಲ್ಲು ಸುರಿಸುತ್ತ ಅಕ್ಕಯ್ಯಮ್ಮ ಗುಡಿ ಸುತ್ತಿದಳು. ಮಗಳ ಮುಂದೆ ಹಾದು ಹೋಗುವಾಗಲೆಲ್ಲ ನೋಡಿದಳು. ಗೌಡತಿ ಹಣ್ಣುಕಾಯಿ ಮಾಡಿಸಿಕೊಂಡು ಮನೆಗೆ ಹೋದಳು.

ಮೂರನೆಯ ದಿನಕ್ಕೆ ಅಕ್ಕಯ್ಯಮ್ಮನ ಮುಖ ಕುಂಬಳಕಾಯಿಯಷ್ಟಾಯಿತು. ಕೀವು. ಜ್ವರ. ದವಡೆ ಅಲ್ಲಾಡುತ್ತಿರಲಿಲ್ಲ. ಯಲಹಂಕದ ಆಸ್ಪತ್ರೆಗೆ ಒಯ್ಯಬೇಕು ಎಂದು ಪಿಳ್ಳಮ್ಮ ಗಾಡಿ ಕೇಳಿದಳು. ಊರಲ್ಲಿ ಗಾಡಿ ಇದ್ದವರೆಲ್ಲ ಎತ್ತಿಗೆ ಮೈ ಸರಿಯಿಲ್ಲ ಎಂದರು. ಹಟ್ಟಿಯವರು ಬಾಗಿಲು ಹಾಕಿಕೊಂಡರು. ತೋಟದಲ್ಲಿ ಅವಳ ಪಂಪನ್ನು ಬೇರೆಯವಳ ಬೆನ್ನಿಗೆ ಕಟ್ಟಿಯಾಗಿತ್ತು. ಮುನಿಯಲ್ಲಪ್ಪ ಬೇಲಿಯ ಸಂದಿಯಿಂದ ಒಂದು ಹಿಡಿ ಅಕ್ಕಿ ಕೊಟ್ಟು, ನಾನು ಕೊಟ್ಟೆ ಅನ್ನಬೇಡ ಎಂದು ಹೋದ.

ಪಿಳ್ಳಮ್ಮ ಗಂಜಿ ಕಾಯಿಸಿ, ಲೋಟಕ್ಕೆ ಬಸಿದು, ಅವ್ವನನ್ನು ಬೆನ್ನ ಮೇಲೆ ಹೊತ್ತು ಹೊರಟಳು. ಬೆನ್ನಿಗೆ ಭಾರ ಹೊಸದಲ್ಲ. ಅವ್ವ ಪಂಪಿಗಿಂತ ಹಗುರವಾಗಿದ್ದಳು.

ನಡುಹಗಲು. ರಸ್ತೆಯಲ್ಲಿ ಕೈ ಅಡ್ಡ ಹಿಡಿದಳು. ಬಸ್ಸು ನಿಧಾನ ಮಾಡಿತು. ಕಂಡಕ್ಟರ್ ಅಕ್ಕಯ್ಯಮ್ಮನ ಮುಖ ನೋಡಿದ. ಸೀಟಿ ಊದಿದ. ಬಸ್ಸು ಹೋಯಿತು.

ಹೊಂಗೆ ಮರದ ಕೆಳಗೆ ಅವ್ವನನ್ನು ಇಳಿಸಿ, ಬುಡಕ್ಕೆ ಒರಗಿಸಿದಳು. ಗಂಜಿಯ ಲೋಟ ಹಿಡಿದು ಮುಂದೆ ಕೂತಳು. "ಅಮ್ಮಾ, ಒಂದು ಗುಟುಕು."

ಅಕ್ಕಯ್ಯಮ್ಮ ಕಣ್ಣು ಬಿಟ್ಟಳು. ಮುಂದೆ ಯಾರೋ ಏನೋ ಕೊಡುತ್ತಿದ್ದಾರೆ. ಅಷ್ಟು ಮಾತ್ರ ಅವಳಿಗೆ ಕಂಡಿತು. ಮರದ ಬುಡದಿಂದ ಹಿಂದಕ್ಕೆ ಸರಿಯಲು ನೋಡಿದಳು. ಜಾಗವಿರಲಿಲ್ಲ. ತಲೆ ತಗ್ಗಿಸಿದಳು. ಎರಡು ಕೈಗಳಿಂದ ಸೆರಗು ಹಿಡಿದು, ಮಗಳ ಮುಂದೆ ಅಗಲಿಸಿ ಒಡ್ಡಿದಳು. ಹಲ್ಲಿನ ಸಂದಿಯಿಂದ ಮಾತು ಬಂತು.

"ಆಕಿ ಅಮ್ಮಾರೆ."

"ಅಮ್ಮಾ, ನಾನು ಕಣಮ್ಮಾ. ಪಿಳ್ಳಮ್ಮ."

"ಆಕಿ. ನಿಮ್ಮ ಕಾಲಿಗೆ ಬೀಳ್ತೀನಿ, ಅಮ್ಮಾರೆ. ಮಗೂಗ್ ಬ್ಯಾಡ."

ಪಿಳ್ಳಮ್ಮ ಲೋಟ ಕೆಳಗಿಟ್ಟಳು. ಸೆರಗು ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸಿದ ಬೆರಳು ಮತ್ತೆ ಮಡಚಿಕೊಳ್ಳುತ್ತಿತ್ತು. ಮತ್ತೆ ಬಿಡಿಸಿದಳು. ಆ ಕೈಯನ್ನು ತನ್ನ ಎಡ ಅಂಗೈಯ ಮೇಲೆ ಇಟ್ಟುಕೊಂಡಳು. ಸುಡುತ್ತಿತ್ತು. ಉಗುರುಗಳು ನೀಲಿ. ರೇಖೆಗಳಲ್ಲಿ ನೀಲಿ. ಕಣ್ಣು ಮಿಟುಕಿಸದೆ ಅದನ್ನೇ ನೋಡಿದಳು. ಇನ್ನೊಂದು ಬಸ್ಸು ಬಂತು, ಹೋಯಿತು. ಅವಳು ತಲೆ ಎತ್ತಲಿಲ್ಲ.

ಆಮೇಲೆ ಬೆರಳನ್ನು ಗಂಜಿಯಲ್ಲಿ ಅದ್ದಿ ಅವ್ವನ ತುಟಿಗೆ ಸವರಿದಳು. ಲೋಟದ ತಳ ಕಾಣುವವರೆಗೆ ಸವರಿದಳು. ಅವ್ವನಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಅವಳನ್ನು ಎಳೆದು ಹೊತ್ತುಕೊಂಡಳು. ಮಣ್ಣಿನ ಮೇಲೆ ಹರಡಿಕೊಂಡೇ ಇದ್ದ ಅವ್ವನ ಸೆರಗನ್ನು ಜಾಡಿಸಿದಳು. ತನ್ನ ಸೊಂಟದ ಸುತ್ತ ತಂದು, ಅವ್ವ ಜಾರದ ಹಾಗೆ ಬಿಗಿಯಾಗಿ ಗಂಟು ಹಾಕಿದಳು. ಎದ್ದಳು.